ಓದುಕೂಟದ ರಿಜಿಸ್ಟರ್ ತೆರೆದು ಎಣಿಸಿ: ಕಪ್ಪು ಲೇಖಕರನ್ನು ಒಂದು ವರ್ಷ ಓದುವ ಬಗೆ

ಹನುಮಂತನಗರದ ನಮ್ಮ ಮನೆಯ ಮಹಡಿಯಲ್ಲಿ ತಿಂಗಳ ಕೊನೆಯ ಭಾನುವಾರ ಸಂಜೆ ಹತ್ತು-ಹನ್ನೆರಡು ಜನ ಸೇರಿ ಪುಸ್ತಕ ಓದುತ್ತೇವೆ. ಓದಿದ್ದನ್ನೆಲ್ಲ ಬರೆದಿಡಲು ಒಂದು ಉದ್ದನೆಯ ರಿಜಿಸ್ಟರ್ ಇದೆ. ಹೋದ ವರ್ಷ ನರ್ಸಿಂಗ್ ಓದುವ ಹುಡುಗಿಯೊಬ್ಬಳು ಅದನ್ನು ತಿರುವುತ್ತಾ, "ಆಂಟಿ, ಹೊರದೇಶದವರು ಅಂದ್ರೆ ಬಿಳಿಯರು ಮಾತ್ರಾನಾ?" ಅಂತ ಕೇಳಿದಳು. ಎಣಿಸಿದೆವು. ಹೊರದೇಶದ 21 ಪುಸ್ತಕಗಳಲ್ಲಿ ಕಪ್ಪು ಲೇಖಕರದ್ದು ಒಂದೇ ಒಂದು. ಆಮೇಲೆ ನಾವು ಮಾಡಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ, ನಿಮ್ಮ ಓದುಕೂಟಕ್ಕೂ ಬೇಕಾಗಬಹುದು.

ಮೊದಲ ಕೆಲಸ ಎಣಿಸುವುದು. ರಿಜಿಸ್ಟರ್ ಇಲ್ಲದಿದ್ದರೆ ಕಪಾಟಿನ ಮುಂದೆ ಕೂತುಕೊಳ್ಳಿ. ಲೇಖಕರು ಯಾವ ನೆಲದವರು, ಯಾವ ಜನಾಂಗದವರು ಎಂದು ಹೆಸರಿನ ಪಕ್ಕ ಬರೆಯಿರಿ. ನಮ್ಮಲ್ಲಿ ಒಬ್ಬರು, "ನಾನು ಬಣ್ಣ ನೋಡಿ ಓದೋನಲ್ಲ, ಚೆನ್ನಾಗಿದ್ದರೆ ಓದ್ತೀನಿ" ಅಂತ ಬೇಸರ ಮಾಡಿಕೊಂಡರು. ಅವರು ಹೇಳಿದ್ದು ಸುಳ್ಳಲ್ಲ. ಆದರೆ ಅವರು ಆರಿಸುವ ಮುಂಚೆಯೇ ಬೇರೆ ಯಾರೋ ಆರಿಸಿಯಾಗಿತ್ತು.

ಹಾಗಾಗಿ ಎರಡನೆಯ ತಿಂಗಳ ಭಾನುವಾರವನ್ನು ಪುಸ್ತಕ ನಮ್ಮ ಕೈಗೆ ಬರುವ ದಾರಿಗೇ ಮೀಸಲಿಡಿ. 2020ರ ಡಿಸೆಂಬರ್‌ನಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯಲ್ಲಿ ಒಂದು ಲೆಕ್ಕ ಬಂತು. 1950ರಿಂದ 2018ರವರೆಗೆ ದೊಡ್ಡ ಪ್ರಕಾಶಕರು ಇಂಗ್ಲಿಷಿನಲ್ಲಿ ತಂದ ಕಥೆ-ಕಾದಂಬರಿಗಳಲ್ಲಿ, ಲೇಖಕರ ಜನಾಂಗ ಗೊತ್ತಾದ 7,124 ಪುಸ್ತಕಗಳ ಪೈಕಿ ಶೇ. 95ರಷ್ಟು ಬಿಳಿಯರು ಬರೆದವು. ಮಕ್ಕಳ ಪುಸ್ತಕಗಳ ಕಥೆಯೂ ಅದೇ. 1985ರಲ್ಲಿ ಅಮೆರಿಕದ ವಿಸ್ಕಾನ್ಸಿನ್‌ನ ಮಕ್ಕಳ ಪುಸ್ತಕ ಕೇಂದ್ರವೊಂದು ಆ ವರ್ಷದ ಸುಮಾರು 2,500 ಪುಸ್ತಕಗಳನ್ನು ನೋಡಿತು. ಅವುಗಳಲ್ಲಿ ಆಫ್ರಿಕನ್ ಅಮೆರಿಕನ್ನರು ಬರೆದದ್ದು ಅಥವಾ ಚಿತ್ರ ಬಿಡಿಸಿದ್ದು ಬರೀ 18.

ಬರೆಯುವವರೇ ಇರಲಿಲ್ಲ ಅನ್ನಬೇಡಿ. ಅಲ್ಲಿ ಹಸ್ತಪ್ರತಿ ಕೈಗೆ ಬಂದಾಗ ಸಂಪಾದಕರು ಕೇಳುವ ಮೊದಲ ಪ್ರಶ್ನೆಗಳಲ್ಲಿ ಒಂದು, "ಇಂಥದ್ದು ಹಿಂದೆ ಯಾವುದು ಓಡಿದೆ?" ಹಿಂದೆ ಅಚ್ಚೇ ಆಗದ್ದು ಓಡುವುದೆಲ್ಲಿಂದ? ಓಡಿದ್ದು ಕಾಣದಿದ್ದರೆ ಲೇಖಕರಿಗೆ ಕೊಡುವ ಮುಂಗಡ ಹಣ ಕಡಿಮೆ, ಮುಂಗಡ ಕಡಿಮೆಯಾದರೆ ಪ್ರಚಾರ ಕಡಿಮೆ, ಪ್ರಚಾರ ಇಲ್ಲದ್ದು ಮತ್ತೆ ಓಡುವುದಿಲ್ಲ. 2020ರ ಜೂನ್‌ನಲ್ಲಿ ಲೇಖಕರು ತಮಗೆ ಸಿಕ್ಕ ಮುಂಗಡವನ್ನು ಟ್ವಿಟರ್‌ನಲ್ಲಿ ಬಹಿರಂಗವಾಗಿ ಹೇಳಿಕೊಂಡರು. ಕಪ್ಪು ಲೇಖಕಿ ಎನ್. ಕೆ. ಜೆಮಿಸಿನ್ ಅವರ ಕಾದಂಬರಿ ತ್ರಿವಳಿಗೆ ಪುಸ್ತಕಕ್ಕೆ 25,000 ಡಾಲರ್ ಸಿಕ್ಕಿತ್ತು. ಆ ಮೂರೂ ಕಾದಂಬರಿಗಳಿಗೆ 2016, 2017, 2018ರಲ್ಲಿ ಸಾಲಾಗಿ ವೈಜ್ಞಾನಿಕ ಕಥಾಸಾಹಿತ್ಯದ ದೊಡ್ಡ ಪ್ರಶಸ್ತಿಯಾದ ಹ್ಯೂಗೋ ಬಂದಿದೆ. ಅದಕ್ಕೂ ಮುಂಚೆ ಯಾರಿಗೂ ಹಾಗೆ ಬಂದಿರಲಿಲ್ಲ. ಇನ್ನು ಮೇಜಿನ ಆ ಕಡೆ ಕೂತವರು? ಅಮೆರಿಕದ ಮಕ್ಕಳ ಪುಸ್ತಕ ಪ್ರಕಾಶನ ಲೀ ಅಂಡ್ ಲೋ ಸಂಸ್ಥೆಯ 2019ರ ಸಮೀಕ್ಷೆಯಲ್ಲಿ ಸಂಪಾದಕೀಯ ವಿಭಾಗದವರಲ್ಲಿ ಶೇ. 85 ಬಿಳಿಯರು. ರ್‍ಯಾಂಡಮ್ ಹೌಸ್‌ನಲ್ಲಿ 1983ರವರೆಗೆ ಕಪ್ಪು ಕಾದಂಬರಿಗಾರ್ತಿ ಟೋನಿ ಮಾರಿಸನ್ ಸಂಪಾದಕಿಯಾಗಿದ್ದರು. ಗೇಲ್ ಜೋನ್ಸ್, ಟೋನಿ ಕೇಡ್ ಬಂಬಾರಾ, ಏಂಜೆಲಾ ಡೇವಿಸ್ ಎಂಬ ಕಪ್ಪು ಲೇಖಕಿಯರ ಪುಸ್ತಕಗಳು ಹೊರಬಂದದ್ದು ಮಾರಿಸನ್ ಅವರ ಕೈಯಿಂದ. ಆ ಕುರ್ಚಿಯಲ್ಲಿ ಯಾರು ಕೂರುತ್ತಾರೆ ಅನ್ನುವುದು ಅಷ್ಟು ಮುಖ್ಯ.

ಇಲ್ಲಿ ನನ್ನದೊಂದು ಹೇಳಲೇಬೇಕು. ನಾನು ಚಾಮರಾಜಪೇಟೆಯಲ್ಲಿ 26 ವರ್ಷ ಕರಡು ತಿದ್ದಿದವಳು. ಒಮ್ಮೆ ಕೊಳ್ಳೇಗಾಲದ ಕಡೆಯ ದಲಿತ ಹುಡುಗನೊಬ್ಬನ ಕಥೆಗಳು ಬಂದವು. "ವಸಿ ತಡಿ ಕನವ್ವ, ಉಂಡ್ಕಂಡು ಓಯ್ತಿನಿ" ಎಂದಿದ್ದನ್ನು ಕೆಂಪು ಪೆನ್ನಿನಲ್ಲಿ ಹೊಡೆದು "ಸ್ವಲ್ಪ ತಾಳಮ್ಮ, ಊಟ ಮಾಡಿ ಹೋಗುತ್ತೇನೆ" ಎಂದು ಬರೆದೆ. ಪುಟ ತುಂಬ ಹೀಗೇ. ಕರಡು ಅವನ ಹತ್ತಿರ ಹೋಗಿ ಬಂದಾಗ ನನ್ನ ಒಂದೊಂದು ಕೆಂಪು ಗುರುತಿನ ಪಕ್ಕದಲ್ಲೂ ಪೆನ್ಸಿಲ್ಲಿನಲ್ಲಿ ಸಣ್ಣದಾಗಿ "ಇದ್ದಂಗೇ ಇರಲಿ" ಎಂದಿತ್ತು. ಒಂದೇ ಪುಟದಲ್ಲಿ 17 ಸಲ. ಅವನ ತಾಯಿಯ ಮಾತಿಗೆ ನಾನು ತಪ್ಪು ಹಾಕಿದ್ದೆ. ಆ ಪುಟ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ.

ಅಮೆರಿಕದ ಕಪ್ಪು ಲೇಖಕಿ ಜೋರಾ ನೀಲ್ ಹರ್ಸ್ಟನ್ ಅವರ 'ಬರಾಕೂನ್' ಕೈಗೆತ್ತಿಕೊಂಡಾಗ ಅದೇ ನೆನಪಾಯಿತು. ಅಮೆರಿಕಕ್ಕೆ ಗುಲಾಮರನ್ನು ತಂದ ಕೊನೆಯ ಹಡಗುಗಳಲ್ಲೊಂದಾದ ಕ್ಲೋಟಿಲ್ಡಾದಲ್ಲಿ 1860ರಲ್ಲಿ ಬಂದಿಳಿದ ಕಜೋ ಲೂಯಿಸ್ ಎಂಬ ಮುದುಕನನ್ನು ಅವರು ಅಲಬಾಮಾದಲ್ಲಿ ಮಾತಾಡಿಸಿ, ಅವನ ಮಾತನ್ನು ಅವನ ಆಡುನುಡಿಯಲ್ಲೇ ಬರೆದರು. 1931ರಲ್ಲಿ ಹಸ್ತಪ್ರತಿ ಸಿದ್ಧವಾಗಿತ್ತು. ಆಡುನುಡಿ ತೆಗೆದು ಶಿಷ್ಟ ಭಾಷೆಯಲ್ಲಿ ಬರೆಯಿರಿ ಎಂದಿತು ಒಂದು ಪ್ರಕಾಶನ. ಹರ್ಸ್ಟನ್ ಒಪ್ಪಲಿಲ್ಲ. ಪುಸ್ತಕ ಬಂದದ್ದು 2018ರಲ್ಲಿ. ಅಷ್ಟರಲ್ಲಿ ಅವರು ತೀರಿಕೊಂಡು 58 ವರ್ಷವಾಗಿತ್ತು.

ಅದಕ್ಕೇ ಹೇಳುತ್ತೇನೆ, ಇಂಥ ಪುಸ್ತಕವನ್ನು ಗಟ್ಟಿಯಾಗಿ ಓದಿ. ಸಂಭಾಷಣೆಯನ್ನು ಕನ್ನಡದಲ್ಲಿ ಹೇಳುವಾಗ ಗ್ರಂಥಸ್ಥ ಭಾಷೆ ಬೇಡ, ಒಬ್ಬೊಬ್ಬರೂ ತಮ್ಮ ಮನೆಯ ಮಾತಿನಲ್ಲಿ ಹೇಳಲಿ. ನಮ್ಮಲ್ಲಿ ಒಬ್ಬರು ನಂಜನಗೂಡಿನ ಮಾತಿನಲ್ಲಿ, ಇನ್ನೊಬ್ಬರು ಕಲಬುರಗಿಯ ಮಾತಿನಲ್ಲಿ ಹೇಳಿದರು. ಅವತ್ತು ಯಾರೂ ಗಡಿಯಾರ ನೋಡಲಿಲ್ಲ.

ಆರಿಸುವಾಗ ಕೆಲವು ಎಚ್ಚರ. ಬರೀ ಗುಲಾಮಗಿರಿಯ ಕಥೆಗಳನ್ನೇ ಪಟ್ಟಿಗೆ ಹಾಕಬೇಡಿ. ನೋವನ್ನಷ್ಟೇ ಬರೆಯಲಿ ಎಂದು ಬಯಸುವುದೂ ಒಂದು ಬೇಲಿಯೇ. ಒಂದು ಪತ್ತೇದಾರಿ, ಆಕ್ಟೇವಿಯಾ ಬಟ್ಲರ್ ಅವರದೊಂದು ವೈಜ್ಞಾನಿಕ ಕಾದಂಬರಿ, ಒಂದು ಮಕ್ಕಳ ಪುಸ್ತಕ ಇರಲಿ. ಎಲ್ಲರನ್ನೂ ಒಂದೇ ಕಟ್ಟು ಮಾಡಬೇಡಿ: ಕಾದಂಬರಿಕಾರ ಚಿನುವ ಅಚಿಬೆ ನೈಜೀರಿಯಾದ ಇಗ್ಬೊ ನೆಲದವರು, ಹರ್ಸ್ಟನ್ ಫ್ಲಾರಿಡಾದಲ್ಲಿ ಬೆಳೆದವರು, 2019ರಲ್ಲಿ ಬೂಕರ್ ಪಡೆದ ಮೊದಲ ಕಪ್ಪು ಮಹಿಳೆ ಬರ್ನಾರ್ಡಿನ್ ಎವರಿಸ್ಟೊ ಲಂಡನ್ನಿನವರು.

ಪುಸ್ತಕ ಹುಡುಕಲು ಚರ್ಚ್ ಸ್ಟ್ರೀಟಿನ ಬ್ಲಾಸಮ್, ಬುಕ್‌ವರ್ಮ್ ಇವೆ, ಬ್ರಿಗೇಡ್ ರಸ್ತೆ ಹತ್ತಿರ ಸೆಲೆಕ್ಟ್ ಇದೆ. ಹಳೆಯ ಪುಸ್ತಕಗಳ ರಾಶಿಯಲ್ಲಿ ಕಿತ್ತಳೆ ಬಣ್ಣದ ರಕ್ಷಾಪುಟ ಕಂಡರೆ ಎಳೆದು ನೋಡಿ, ಹೈನೆಮನ್ 1962ರಲ್ಲಿ ಶುರುಮಾಡಿದ ಆಫ್ರಿಕನ್ ರೈಟರ್ಸ್ ಸೀರೀಸ್‌ನದ್ದು ಇರಬಹುದು. ನಮ್ಮ ನಿಯಮ ಇದು: ತೀರಿಕೊಂಡವರದ್ದು ಸೆಕೆಂಡ್ ಹ್ಯಾಂಡ್ ಆದೀತು, ಬದುಕಿರುವವರದ್ದು ಹೊಸ ಪ್ರತಿಯೇ ಆಗಬೇಕು. ಫುಟ್‌ಪಾತಿನ ನಕಲಿ ಪ್ರತಿಯಂತೂ ಬೇಡವೇ ಬೇಡ, ಅದರಿಂದ ಲೇಖಕರಿಗೆ ಒಂದು ಪೈಸೆ ಹೋಗುವುದಿಲ್ಲ. ನಾಲ್ಕು ಜನ ಸೇರಿ ಒಂದೇ ಅಂಗಡಿಯಲ್ಲಿ ನಾಲ್ಕು ಪ್ರತಿಗೆ ಆರ್ಡರ್ ಕೊಡಿ, ಅಂಗಡಿಯವರು ಐದನೆಯದನ್ನು ತಮ್ಮ ಕಪಾಟಿಗೂ ತರಿಸಬಹುದು.

ಇದರ ಜೊತೆಗೇ ರಿಜಿಸ್ಟರ್‌ನ ಕನ್ನಡದ ಪುಟಗಳಲ್ಲಿ ದಲಿತ ಲೇಖಕರದ್ದು ಎಷ್ಟು ಎಂದೂ ಎಣಿಸಿ. ಇದನ್ನು ಬಿಟ್ಟರೆ ಮೇಲಿನದೆಲ್ಲ ಊರಾಚೆಯ ಮಾತಾಗುತ್ತದೆ. 1973ರಲ್ಲಿ ಸಚಿವರಾಗಿದ್ದ ದಲಿತ ನಾಯಕ ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಹೆಚ್ಚಿನದು ಬೂಸಾ ಎಂದದ್ದಕ್ಕೆ ಎಷ್ಟು ದೊಡ್ಡ ಗಲಾಟೆಯಾಯಿತು ಎಂದು ನಮ್ಮ ಹಿರಿಯರಿಗೆ ಗೊತ್ತು. ದೇವನೂರ ಮಹಾದೇವರ 'ಕುಸುಮಬಾಲೆ' ಬಂದಾಗ ಅದರ ಭಾಷೆ ಅರ್ಥವಾಗದು ಎಂದವರಿದ್ದರು; 1990ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ನಮ್ಮ ಕೂಟ ಅದನ್ನು ಒಂಬತ್ತು ವರ್ಷ ಮುಟ್ಟಿರಲಿಲ್ಲ. 'ಬರಾಕೂನ್' ಮುಗಿದ ಮುಂದಿನ ತಿಂಗಳು ಅದನ್ನೇ ಇಟ್ಟೆವು. ನಂಜನಗೂಡಿನವರು ಓದಿದರು, ನಾನು ಕೈಯಲ್ಲಿ ಪೆನ್ನಿಲ್ಲದೆ ಕೇಳಿದೆ.

ರಿಜಿಸ್ಟರ್‌ಗೆ ಈಗ ಎರಡು ಕಾಲಂ ಸೇರಿವೆ: ಬರೆದವರು ಯಾರು, ಅಚ್ಚು ಹಾಕಿದವರು ಯಾರು. ತುಂಬುವ ಕೆಲಸ ಆ ನರ್ಸಿಂಗ್ ಹುಡುಗಿಯದು. ಡಿಸೆಂಬರ್‌ನ ಕೊನೆಯ ಭಾನುವಾರ ಮತ್ತೆ ಎಣಿಸುತ್ತೇವೆ.