ಮೊಡವೆ ಮುಖಕ್ಕೆ ಫೇಶಿಯಲ್ ಬಿಟ್ಟ ಕಥೆ

"ಅಕ್ಕಾ, ಬಂದ ಗಿರಾಕಿನ್ನ ವಾಪಸ್ ಕಳಿಸಿದ್ರ ಹೊಟ್ಟಿಗೇನ್ ತಿಂತೀರಿ?" ಅಂತ ಕೇಳಿದ್ದಳು ಪಕ್ಕದ ಗಲ್ಲಿಯ ಪಾರ್ಲರಿನವಳು. ಅವಳೂ ನಮ್ಮ ಧಾರವಾಡದ ಕಡೆಯವಳೇ. ಮೊಡವೆ ಇರುವ ಮುಖಕ್ಕೆ ಎಂಟು ವಾರ ಫೇಶಿಯಲ್ ಇಲ್ಲ ಅಂತ ನಾನು ಹೇಳಲು ಶುರುಮಾಡಿದ ಹೊಸತು ಅದು.

ಪುಣೆಯ ಕರ್ವೇನಗರದಲ್ಲಿ ನನ್ನ ಪಾರ್ಲರ್ ಇದೆ. ಬರುವವರಲ್ಲಿ ಹೆಚ್ಚಿನವರು ಹಾಸ್ಟೆಲ್, ಪಿಜಿ ಹುಡುಗಿಯರು. ಮೊದಲು ನಾನೂ ಪಾರ್ಲರ್ ನಡೆಸುವ ಎಲ್ಲರ ಹಾಗೆಯೇ ಕ್ಲೀನಪ್, ಸ್ಟೀಮ್, ಬ್ಲ್ಯಾಕ್‌ಹೆಡ್ ಒತ್ತಿ ತೆಗೆಯುವ ಕಡ್ಡಿ, ಮೇಲೆ ಹೈ ಫ್ರೀಕ್ವೆನ್ಸಿ (ಗಾಜಿನ ಕಡ್ಡಿಯಿಂದ ಮುಖಕ್ಕೆ ಸಣ್ಣ ಕರೆಂಟ್ ಕೊಡುವುದು) ಮಾಡುತ್ತಿದ್ದೆ. ಆ ಮಷೀನಿಗೇ ನಾಲ್ಕೂವರೆ ಸಾವಿರ ಸುರಿದಿದ್ದೆ. ಎರಡು ದಿನ ಮುಖ ಚೆನ್ನಾಗಿರುತ್ತಿತ್ತು. ನಾಲ್ಕನೇ ದಿನ ಒತ್ತಿದ ಜಾಗದ ಸುತ್ತಲೇ ಹೊಸ ಬೆಳೆ. ನಮ್ಮ ಬಣ್ಣದ ಚರ್ಮಕ್ಕೆ ಒತ್ತಿದ ಕಲೆ ತಿಂಗಳುಗಟ್ಟಲೆ ಹೋಗುವುದಿಲ್ಲ ಅಂತ ನಿಮಗೆ ಹೇಳಬೇಕಾಗಿಲ್ಲ. ಅದರ ಮೇಲೆ ಇಪ್ಪತ್ತು ನಿಮಿಷ ಜಿಡ್ಡು ಕ್ರೀಮಿನ ಮಸಾಜ್ ಬೇರೆ. ತಪ್ಪನ್ನೆಲ್ಲ ಅವರ ಮೆಸ್ಸಿನ ಊಟದ ತಲೆಗೆ ಕಟ್ಟುತ್ತಿದ್ದೆ.

ನನ್ನ ಕಣ್ಣು ತೆರೆಸಿದ್ದು ಒಂದು ಸ್ಕಾರ್ಫ್. ಪುಣೆಯ ಹುಡುಗಿ ಸ್ಕೂಟಿ ಹತ್ತಿದರೆ ಕಣ್ಣೆರಡು ಬಿಟ್ಟು ಮುಖಪೂರ್ತಿ ಸುತ್ತಿಕೊಳ್ಳುತ್ತಾಳಲ್ಲ, ಅದು. ಇಂಜಿನಿಯರಿಂಗ್ ಓದುವ ಒಬ್ಬಳಿಗೆ ಕೆನ್ನೆ, ಗದ್ದದ ತುಂಬ ಮೊಡವೆ, ಹಣೆ ಮಾತ್ರ ಸ್ವಚ್ಛ. ಅವಳು ಬಿಚ್ಚಿಟ್ಟ ಸ್ಕಾರ್ಫನ್ನು ಮೂಗಿಗೆ ಹಿಡಿದೆ. ವಾರದ ಬೆವರು, ಹೊಗೆ, ಲಿಪ್‌ಸ್ಟಿಕ್, ಎಲ್ಲಾ ಅದರಲ್ಲೇ. ಪಾಲಿಯೆಸ್ಟರ್ ಬೇರೆ. ದಿನಕ್ಕೆ ಎರಡು ಗಂಟೆ ಅದು ಆ ಕೆನ್ನೆಯನ್ನು ಉಜ್ಜುತ್ತಿತ್ತು. ಆಮೇಲೆ ಬಂದ ಇನ್ನೊಬ್ಬಳಿಗೆ ಇದರ ಉಲ್ಟಾ: ಹಣೆ, ಕೂದಲಂಚು ಮಾತ್ರ. ಊರಿಂದ ಅಮ್ಮ ಕಳಿಸಿದ ಕೊಬ್ಬರಿ ಎಣ್ಣೆ ದಿನಾ ತಲೆ ತುಂಬ ಹಚ್ಚುತ್ತಿದ್ದಳು.

ಅಂದಿನಿಂದ ನಾನು ಮೊದಲು ನೋಡುವುದು ಮೊಡವೆ ಎಲ್ಲಿದೆ ಅಂತ. ಹತ್ತಿಯ ಸ್ಕಾರ್ಫ್ ಮೂರು ಇಟ್ಟುಕೊಂಡು ದಿನಾ ಬದಲಿಸಬೇಕು. ಎಣ್ಣೆ ತಲೆಸ್ನಾನಕ್ಕೆ ಒಂದು ಗಂಟೆ ಮುಂಚೆ, ಕೂದಲ ತುದಿಗೆ ಮಾತ್ರ. ಮುಖ ದಿನಕ್ಕೆ ಎರಡೇ ಸಲ ತೊಳೆಯಬೇಕು. ರಾತ್ರಿ ಬೆಂಜಾಯ್ಲ್ ಪೆರಾಕ್ಸೈಡ್ ಅನ್ನುವ ಮೊಡವೆ ಜೆಲ್ ತೆಳ್ಳಗೆ ಹಚ್ಚಿ, ಮೊದಲ ವಾರ ಇಪ್ಪತ್ತು ನಿಮಿಷಕ್ಕೆ ತೊಳೆದುಬಿಡಬೇಕು.

ಈ ಜೆಲ್ ನನಗೆ ಕಲಿಸಿದ್ದು ಸಾಕಷ್ಟು. ಮೊದಲು 5% ತಂದು ನನ್ನ ಗದ್ದಕ್ಕೇ ದಿನಕ್ಕೆರಡು ಸಲ ಬಳಿದುಕೊಂಡೆ. ಈರುಳ್ಳಿ ಸಿಪ್ಪೆಯಂತೆ ಎದ್ದು ಬಂತು, ಅದೂ ತಂಗಿ ಮದುವೆಗೆ ಬೆಳಗಾವಿಗೆ ಹೊರಟ ವಾರ. 2.5% ಸಾಕು, ಕೆಲಸ ಅಷ್ಟೇ ಮಾಡುತ್ತದೆ, ಉರಿ ಕಡಿಮೆ. ಬಣ್ಣದ ಬಟ್ಟೆಯನ್ನು ಬಿಳಿ ಮಾಡುತ್ತದೆ ಅಂತ ನನಗೆ ಯಾರೂ ಹೇಳಿರಲಿಲ್ಲ. ಪಾರ್ಲರಿನ ಆರು ನೀಲಿ ಟವೆಲ್ ಹೋದವು, ಸುಮಾರು 900 ರೂಪಾಯಿ.

ನಡುವೆ ಇನ್ನೊಂದು ಆಟ ಆಡಿದೆ. ಒಬ್ಬಳ ಹಣೆ ಮೇಲೆ ಒಂದೇ ಅಳತೆಯ ಸಣ್ಣ ಸಣ್ಣ ಗುಳ್ಳೆ, ತುರಿಕೆ. ಜೆಲ್‌ಗೆ ಜಗ್ಗಲಿಲ್ಲ. ತಲೆಹೊಟ್ಟಿಗೆ ಬಳಸುವ ಕಿಟೊಕೊನಜೋಲ್ ಶಾಂಪೂ ನೊರೆಯನ್ನು ಹಣೆಗೂ ಹಚ್ಚಿ ಐದು ನಿಮಿಷ ಬಿಡಲು ಹೇಳಿದೆ. ಎರಡು ವಾರದಲ್ಲಿ ಇಳಿಯಿತು. ಅದು ಮೊಡವೆಯೇ ಅಲ್ಲ, ಬೆವರು, ಜಿಡ್ಡಿನಲ್ಲಿ ಬೆಳೆಯುವ ಫಂಗಸ್. ಬೇವು, ಅರಿಶಿನ, ಮುಲ್ತಾನಿ ಮಿಟ್ಟಿ ಎಲ್ಲಾ ನೋಡಿದ್ದೇನೆ, ಹೇಳುವಂಥದ್ದೇನಿಲ್ಲ. ನಿಂಬೆಹಣ್ಣಂತೂ ಮುಖದ ಹತ್ತಿರ ತರಬೇಡಿ. ಸ್ಕಾರ್ಫ್ ನೆನೆಹಾಕುವ ನೀರಿಗೆ ನಾನು ಹಾಕಿಸುವುದು ಒಂದಿದೆ, ಅದು ನನ್ನಲ್ಲೇ ಇರಲಿ.

ಎರಡು ಥರದವರನ್ನು ಮಾತ್ರ ನಾನು ಮುಟ್ಟುವುದಿಲ್ಲ. ದವಡೆಯುದ್ದಕ್ಕೂ ಆಳದ ನೋವಿನ ಗಂಟು, ಜೊತೆಗೆ ಮುಟ್ಟು ಏರುಪೇರು ಇದ್ದರೆ ಪಿಸಿಓಡಿ (ಅಂಡಾಶಯದ ಹಾರ್ಮೋನ್ ತೊಂದರೆ) ಇರಬಹುದು, ಸೀದಾ ಡಾಕ್ಟರ್ ಹತ್ತಿರ. ಇನ್ನೊಂದು ಥರದವರು ಡಾಕ್ಟರ ಚೀಟಿ ಇಲ್ಲದೆ ಮೆಡಿಕಲ್‌ನಿಂದ ಬೆಳ್ಳಗಾಗುವ ಕ್ರೀಮ್ ತಂದು ತಿಂಗಳುಗಟ್ಟಲೆ ಹಚ್ಚಿದವರು. ಅಂಥ ಎಷ್ಟೋ ಕ್ರೀಮಿನಲ್ಲಿ ಸ್ಟಿರಾಯ್ಡ್ ಇರುತ್ತದೆ; ಬಿಟ್ಟ ಕೂಡಲೇ ಮುಖ ಕೆಂಪಾಗಿ ಸಿಡಿದೇಳುತ್ತದೆ.

ದುಡ್ಡಿನ ವಿಷಯ. ಮೊದಲ ನಾಲ್ಕು ತಿಂಗಳು ತಿಂಗಳಿಗೆ ಏಳೆಂಟು ಸಾವಿರ ಕಡಿಮೆ ಬಂತು, ಯಜಮಾನರು ಮಾತು ಬಿಟ್ಟಿದ್ದರು. ಹದಿನಾಲ್ಕೋ ಹದಿನೈದೋ ಹುಡುಗಿಯರಲ್ಲಿ ಹತ್ತು ಮಂದಿಗೆ ಎರಡು ತಿಂಗಳಲ್ಲಿ ಚೆನ್ನಾಗಿ ಇಳಿಯಿತು. ಫೋಟೊ ಒಂದೇ ಕಿಟಕಿ ಪಕ್ಕ, ಬೆಳಿಗ್ಗೆ ಹನ್ನೊಂದಕ್ಕೇ ತೆಗೆದದ್ದು, ನೋಡಿದವರು ಫಿಲ್ಟರ್ ಅಂದರು. ಆ ಹತ್ತು ಮಂದಿ ತಮ್ಮ ರೂಮ್‌ಮೇಟ್‌ಗಳನ್ನು ಕರೆತಂದರು. ಈಗ ಥ್ರೆಡಿಂಗ್, ವ್ಯಾಕ್ಸ್, ಹೇರ್‌ಕಟ್‌ಗೇ ಭಾನುವಾರ ಕೂರಲು ಕುರ್ಚಿ ಸಿಗುವುದಿಲ್ಲ.

ಹೊಟ್ಟೆಗೇನು ಅಂತ ಕೇಳಿದವಳು ಹೋದ ತಿಂಗಳು ತನ್ನ ಅಕ್ಕನ ಮಗಳನ್ನು ಕರೆದುಕೊಂಡು ಬಂದಳು. ಹುಡುಗಿಯ ಕುತ್ತಿಗೆಯಲ್ಲಿ ಪಾಲಿಯೆಸ್ಟರ್ ಸ್ಕಾರ್ಫ್. ನಾನು ಏನೂ ಅನ್ನಲಿಲ್ಲ, ಮುಖ ನೋಡಿದ್ದಕ್ಕೆ 200 ರೂಪಾಯಿ ಮಾತ್ರ ತೆಗೆದುಕೊಂಡೆ.