ಹಾರುತ್ತಿರುವಾಗಲೇ ಮೋಟರ್ ನಿಂತರೆ: ನನ್ನ ಅನುಭವ

ನಾಲ್ಕು ಮೋಟರಿನ ಡ್ರೋನಿನಲ್ಲಿ ಒಂದು ಕೈಕೊಟ್ಟರೆ ಉಳಿದ ಮೂರರಲ್ಲಿ ಹೇಗೋ ಇಳಿಸಬಹುದಲ್ವಾ ಅಂತ ಹೊಸಬರು ಕೇಳುತ್ತಾರೆ. ಸಾಮಾನ್ಯ ಡ್ರೋನಿನಲ್ಲಿ ಆಗುವುದಿಲ್ಲ. ತುಮಕೂರು ಕಡೆ ಒಂದು ಬತ್ತಿದ ಕೆರೆಯ ಹೂಳಿನ ಸರ್ವೆ ಮಾಡುವಾಗ ಇದನ್ನು ಕಣ್ಣಾರೆ ನೋಡಿದ್ದೇನೆ.

ನಾನೇ ಜೋಡಿಸಿದ ಕ್ವಾಡ್ (ನಾಲ್ಕು ಮೋಟರಿನ ಡ್ರೋನ್) ಅದು. ತೂಕ ಎರಡು ಕಿಲೋ ಒಳಗೆ, ಹಾರಾಟ ನಿಯಂತ್ರಿಸಲು ಆರ್ಡುಪೈಲಟ್ ಸಾಫ್ಟ್‌ವೇರ್. ಸುಮಾರು 40 ಮೀಟರ್ ಎತ್ತರದಲ್ಲಿ ಸಾಲು ಹಿಡಿದು ಫೋಟೊ ತೆಗೆಯುತ್ತಿತ್ತು. ಮೊದಲು ಸದ್ದು ಬದಲಾಯಿತು. ಆಮೇಲೆ ಮುಂದಿನ ಬಲ ಮೂಲೆ ತಗ್ಗಿತು, ಬುಗುರಿಯಂತೆ ತಿರುಗುತ್ತಾ ಮಗುಚಿಕೊಂಡಿತು. ಅಷ್ಟು ಎತ್ತರದಿಂದ ಬೀಳಲು ಮೂರು ಸೆಕೆಂಡೂ ಬೇಡ. ಗಾಳಿಯ ತಡೆ ಬಿಟ್ಟು ಲೆಕ್ಕ ಹಾಕಿದರೆ ನೆಲ ಮುಟ್ಟುವಾಗ ವೇಗ ಗಂಟೆಗೆ 100 ಕಿಲೋಮೀಟರ್.

ಆಗ ನಾನು ಮಾಡಿದ್ದು ಒಂದೇ ಕೆಲಸ. ಎಲ್ಲ ಮೋಟರನ್ನೂ ನಿಲ್ಲಿಸುವ ಎಮರ್ಜೆನ್ಸಿ ಸ್ಟಾಪ್ ಸ್ವಿಚ್ ಒತ್ತಿದೆ. ಮಗುಚಿದ ಮೇಲೆ ಓಡುವ ಮೋಟರುಗಳು ಡ್ರೋನನ್ನು ಇನ್ನೂ ಜೋರಾಗಿ ನೆಲಕ್ಕೇ ತಳ್ಳುತ್ತವೆ. ನೆಲದಲ್ಲಿ ಸಿಕ್ಕಿಕೊಂಡ ಪ್ರೊಪೆಲರ್ ತಿರುಗಲು ಹೆಣಗಿದರೆ ಇಎಸ್‌ಸಿ (ಮೋಟರಿನ ವೇಗ ನಿಯಂತ್ರಿಸುವ ಸರ್ಕ್ಯೂಟ್) ಸುಡುತ್ತದೆ. ಹತ್ತಿರ ಓಡಿದವರ ಕೈಗೂ ಏಟು. 'ಮನೆಗೆ ವಾಪಸ್' ಬಟನ್ ಒತ್ತಿ ಪ್ರಯೋಜನವಿಲ್ಲ, ಅದಕ್ಕೂ ನಾಲ್ಕು ಮೋಟರ್ ಬೇಕು.

ಯಾಕೆ ಹೀಗಾಗುತ್ತದೆ? ಕ್ವಾಡ್‌ನಲ್ಲಿ ಎದುರುಬದುರು ಮೂಲೆಯ ಎರಡು ಮೋಟರುಗಳು ಒಂದೇ ದಿಕ್ಕಿಗೆ ತಿರುಗುತ್ತವೆ. ಉಳಿದ ಜೋಡಿ ವಿರುದ್ಧ ದಿಕ್ಕಿಗೆ. ಒಂದು ನಿಂತರೆ ಡ್ರೋನ್ ಆ ಮೂಲೆಗೆ ವಾಲುತ್ತದೆ. ವಾಲದಂತೆ ತಡೆಯಲು ಎದುರು ಮೂಲೆಯದನ್ನೂ ಇಳಿಸಬೇಕು. ಆಗ ಉಳಿಯುವ ಎರಡೂ ಒಂದೇ ದಿಕ್ಕಿನವು. ಅವುಗಳ ತಿರುಚುವ ಬಲಕ್ಕೆ ಎದುರು ಯಾರೂ ಇಲ್ಲ, ಇಡೀ ಡ್ರೋನೇ ಗಿರ್ರನೆ ಸುತ್ತುತ್ತದೆ. ನಾಲ್ಕೂ ಸೇರಿ ತೂಕದ ಎರಡರಷ್ಟು ಎತ್ತುವಂತಿದ್ದರೂ, ಎರಡೇ ಪೂರ್ತಿ ಓಡಿದಾಗ ತೂಕಕ್ಕೆ ಸರಿಸಮ. ಉಳಿಕೆ ಸೊನ್ನೆ.

ಸುತ್ತಿದರೆ ಸುತ್ತಲಿ ಅಂತ ಬಿಟ್ಟು, ಎತ್ತರ ಮತ್ತು ಜಾಗವನ್ನಷ್ಟೇ ಕಾಯುವ ವಿಧಾನವೂ ಇದೆ. ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನ ಇಟಿಎಚ್ ವಿಶ್ವವಿದ್ಯಾಲಯದ ಸಂಶೋಧಕರು ಇದನ್ನು 2014ರಲ್ಲಿ ಪ್ರಕಟಿಸಿದರು, ನಿಜಕ್ಕೂ ಬೆರಗಾಗುವ ಕೆಲಸ. ನನ್ನ ಕ್ವಾಡ್‌ನಲ್ಲಿ ಆ ಸೌಲಭ್ಯ ಇರಲಿಲ್ಲ.

ಬಿದ್ದ ತಕ್ಷಣ ಎತ್ತಿಕೊಳ್ಳಲಿಲ್ಲ. ಏಟು ತಿಂದ ಲಿಪೊ (ಲಿಥಿಯಂ ಪಾಲಿಮರ್) ಬ್ಯಾಟರಿ ತಡವಾಗಿಯೂ ಹೊತ್ತಿಕೊಳ್ಳಬಹುದು. ಸ್ವಲ್ಪ ಹೊತ್ತು ದೂರದಿಂದಲೇ ನೋಡಿ, ಆಮೇಲೆ ಅದನ್ನು ಬಿಚ್ಚಿ ಒಣಹುಲ್ಲಿಲ್ಲದ ಬರೀ ಮಣ್ಣಿನ ಮೇಲೆ ಇಟ್ಟೆ.

ಕಾರಣ ಸಿಕ್ಕಿದ್ದು ಲಾಗ್‌ನಲ್ಲಿ, ಅಂದರೆ ಡ್ರೋನ್ ತಾನೇ ಬರೆದಿಟ್ಟುಕೊಳ್ಳುವ ಹಾರಾಟದ ದಾಖಲೆಯಲ್ಲಿ. ಮೋಟರುಗಳಿಗೆ ಹೋದ ಆದೇಶದ ಗೆರೆಗಳನ್ನು ನೋಡಿದೆ. ಮುಂದಿನ ಬಲದ್ದು ಒಮ್ಮೆಲೇ ತುದಿಗೆ ಏರಿತ್ತು, ಅದರ ಎದುರು ಮೂಲೆಯದು ತಳಕ್ಕೆ ಇಳಿದಿತ್ತು. ಇದು ಸತ್ತ ಮೋಟರಿನ ಗುರುತು. ಡ್ರೋನಿನೊಳಗಿನ ಕಂಟ್ರೋಲರ್ ಇನ್ನೂ ಜಾಸ್ತಿ ಓಡು ಅನ್ನುತ್ತಿದೆ, ಮೋಟರ್ ಕೇಳುತ್ತಿಲ್ಲ. ಎಲ್ಲ ಗೆರೆಗಳೂ ಒಟ್ಟಿಗೆ ಏರಿದ್ದರೆ ಮೊದಲ ಅನುಮಾನ ಬ್ಯಾಟರಿಯ ಮೇಲೆ. ಪ್ರೊಪೆಲರ್ ತೆಗೆದು ಆ ಮೋಟರನ್ನು ಓಡಿಸಿ ನೋಡಿದರೆ ತಿರುಗದೆ ಹಿಂದಕ್ಕೂ ಮುಂದಕ್ಕೂ ಅದುರಿತು. ಮೂರು ವೈರಿನಲ್ಲಿ ಒಂದು, ಮೋಟರಿನ ಬುಡದಲ್ಲಿ ಮೇಲಿನ ಹೊದಿಕೆಯ (ಸ್ಲೀವ್) ಒಳಗೇ ತುಂಡಾಗಿತ್ತು. ಹೊರಗಿಂದ ನೋಡಿದರೆ ಏನೂ ಗೊತ್ತಾಗುವಂತಿರಲಿಲ್ಲ.

ಈಗ ಹಾರಿಸುವ ಮುನ್ನ ಪ್ರತಿ ಮೋಟರನ್ನೂ ಕೈಯಲ್ಲಿ ತಿರುಗಿಸಿ ನೋಡುತ್ತೇನೆ, ವೈರನ್ನು ಬುಡದಲ್ಲಿ ಮೆಲ್ಲಗೆ ಬಾಗಿಸಿ ನೋಡುತ್ತೇನೆ. ಕೆರೆ ಏರಿಯ ಮೇಲೆ ಕುರಿ ಮೇಯಿಸುವವರು ಇದ್ದರೆ ಅವರು ದಾಟಿ ಹೋಗುವವರೆಗೆ ಏರಿಸುವುದೇ ಇಲ್ಲ. ಇದರಲ್ಲಿ ರಾಜಿ ಇಲ್ಲ.

ಭಾರದ ಕ್ಯಾಮೆರಾ ಇದ್ದರೆ ಆರು ಮೋಟರಿನ ಹೆಕ್ಸಾ ಒಯ್ಯುತ್ತೇನೆ. ಅದರಲ್ಲಿ ಎದುರುಬದುರಿನವು ವಿರುದ್ಧ ದಿಕ್ಕಿಗೆ ತಿರುಗುತ್ತವೆ. ಒಂದು ನಿಂತು, ಎದುರಿನದು ಇಳಿದರೂ ಉಳಿದ ನಾಲ್ಕರಲ್ಲಿ ಎರಡು ಆ ಕಡೆ, ಎರಡು ಈ ಕಡೆ. ಮುಖ ಅತ್ತಿತ್ತ ತಿರುಗಬಹುದು, ಆದರೂ ಇಳಿಸಲು ಸಾಧ್ಯ. ಅದೂ ನಾಲ್ಕು ಮೋಟರು ಹೊರುವಷ್ಟೇ ತೂಕ ಇದ್ದರೆ ಮಾತ್ರ. ಹಾಗಾಗಿ ನಿಂತಲ್ಲೇ ಹಾರಲು ಅರ್ಧ ಥ್ರಾಟಲ್‌ಗಿಂತ (ಮೋಟರಿಗೆ ಕೊಡುವ ಶಕ್ತಿಯ ಮಟ್ಟ) ಜಾಸ್ತಿ ಬೇಕಾಗುತ್ತಿದ್ದರೆ ಇಳಿಸಿ, ತೂಕ ತೆಗೆದೇ ಮತ್ತೆ ಏರಿಸುತ್ತೇನೆ.