ಮೊದಲು ಕೇಳಿ, ಆಮೇಲೆ ಕೈ ಚಾಚಿ: ವಿಕಲತೆ ಇರುವ ಸಹೋದ್ಯೋಗಿಗಳ ಜತೆ ಕೆಲಸ ಮಾಡುವ ಬಗೆ

ಕಣ್ಣು ಕಾಣದ, ಬಿಳಿ ಕೋಲು ಹಿಡಿದ ಸಹೋದ್ಯೋಗಿಯೊಬ್ಬರು ಲಿಫ್ಟ್ ಮುಂದೆ ನಿಂತಿದ್ದಾರೆ. ಹಿಂದಿನಿಂದ ಬಂದವರು ಕೋಲು ಹಿಡಿದ ತೋಳಿಗೇ ಕೈಹಾಕಿ ಒಳಗೆ ಕರೆದೊಯ್ಯುತ್ತಾರೆ. ಉದ್ದೇಶ ಒಳ್ಳೆಯದೇ. ಆದರೆ ನೆಲ ಎಲ್ಲಿದೆ, ಅಂಚು ಎಲ್ಲಿದೆ ಎಂದು ಅವರಿಗೆ ತಿಳಿಸುತ್ತಿದ್ದದ್ದು ಆ ಕೋಲು. ತೋಳು ಹಿಡಿದ ಕ್ಷಣಕ್ಕೆ ಆ ತಿಳಿವು ತಪ್ಪಿಹೋಯಿತು. ಅವರು ಲಿಫ್ಟಿಗಲ್ಲ, ಗೆಳೆಯರಿಗಾಗಿ ಕಾಯುತ್ತಿದ್ದಿರಲೂಬಹುದು.

ಕಚೇರಿಗಳಲ್ಲಿ ಆಗುವ ಬಹುಪಾಲು ಎಡವಟ್ಟುಗಳು ಇಂಥವೇ. "ಸಹಾಯ ಬೇಕಾ?" ಎಂದು ಕೇಳಿ, ಉತ್ತರ ಬರುವವರೆಗೆ ಸುಮ್ಮನೆ ನಿಲ್ಲಿ. "ಬೇಡ" ಅಂದರೆ ಬೇಡ, ಒತ್ತಾಯ ಸಲ್ಲದು. "ಹೌದು" ಅಂದರೆ "ಹೇಗೆ ಮಾಡಲಿ?" ಎಂದು ಕೇಳಿ, ಅವರು ಹೇಳಿದಷ್ಟನ್ನೇ ಮಾಡಿ.

ದಾರಿ ತೋರಿಸುವಾಗ

ನೀವು ಅವರನ್ನು ಹಿಡಿಯುವುದಲ್ಲ, ಅವರು ನಿಮ್ಮನ್ನು ಹಿಡಿಯಬೇಕು. ಮೊದಲು ನಿಮ್ಮ ಹೆಸರು ಹೇಳಿ. ಕೋಲಿಲ್ಲದ ಬದಿಗೆ ನಿಂತು, ನಿಮ್ಮ ಕೈಯ ಹಿಂಬದಿಯನ್ನು ಅವರ ಕೈಗೆ ಮೆಲ್ಲಗೆ ತಾಕಿಸಿ. ಅವರು ನಿಮ್ಮ ಮೊಣಕೈಗಿಂತ ತುಸು ಮೇಲೆ ಹಿಡಿದು ಅರ್ಧ ಹೆಜ್ಜೆ ಹಿಂದೆ ಬರುತ್ತಾರೆ. ನೀವು ತಿರುಗಿದ್ದು, ನಿಂತದ್ದು ಎಲ್ಲವೂ ನಿಮ್ಮ ತೋಳಿನಿಂದಲೇ ಅವರಿಗೆ ಗೊತ್ತಾಗುತ್ತದೆ. ಇಕ್ಕಟ್ಟಾದ ಜಾಗ ಬಂದರೆ ಆ ತೋಳನ್ನು ಬೆನ್ನ ಹಿಂದಕ್ಕೆ ತನ್ನಿ. ಅವರು ನಿಮ್ಮ ಹಿಂದೆಯೇ ಸಾಲಾಗಿ ಬರುತ್ತಾರೆ. ಮೆಟ್ಟಿಲ ಮುಂದೆ ನಿಂತು "ಮೇಲಕ್ಕೆ" ಅಥವಾ "ಕೆಳಕ್ಕೆ" ಎಂದು ಹೇಳಿ, ಒಂದು ಮೆಟ್ಟಿಲು ಮುಂದೆ ನಡೆಯಿರಿ. ಮೆಟ್ಟಿಲು ಮುಗಿದಾಗ ಒಂದು ಕ್ಷಣ ನಿಂತು ತಿಳಿಸಿ. ಇಲ್ಲದಿದ್ದರೆ ಇಲ್ಲದ ಮೆಟ್ಟಿಲಿಗೆ ಕಾಲಿಟ್ಟು ಮುಗ್ಗರಿಸುತ್ತಾರೆ.

"ಹುಷಾರು!" ಎಂದು ಕೂಗಿದರೆ ನಿಲ್ಲಬೇಕೋ, ಬಾಗಬೇಕೋ, ಬದಿಗೆ ಸರಿಯಬೇಕೋ ತಿಳಿಯುವುದಿಲ್ಲ. "ನಿಲ್ಲಿ" ಅನ್ನಿ, ಆಮೇಲೆ ಕಾರಣ ಹೇಳಿ. ಹೆಗಲು ಹಿಡಿದು ಕುರ್ಚಿಯಲ್ಲಿ ಕೂರಿಸುವುದು ಬೇಡ. ಕುರ್ಚಿಯ ಬೆನ್ನಿಗೆ ಅವರ ಕೈ ತಾಕಿದರೆ ಸಾಕು, ಉಳಿದದ್ದು ಅವರಿಗೆ ಗೊತ್ತು. "ಅಲ್ಲಿದೆ ನೋಡಿ" ಎನ್ನುವ ಬದಲು "ನಿಮ್ಮ ಬಲಗೈಯಿಂದ ಒಂದು ಗೇಣು ದೂರದಲ್ಲಿ ನೀರಿನ ಲೋಟ ಇದೆ" ಅನ್ನಿ. ಎದ್ದು ಹೋಗುವಾಗ ಹೇಳಿ ಹೋಗಿ, ಖಾಲಿ ಕುರ್ಚಿಯ ಜತೆ ಅವರು ಮಾತಾಡುವಂತಾಗಬಾರದು. ಗೋಡೆ ಕಪಾಟಿನ ಬಾಗಿಲನ್ನು ತೆರೆದಿಟ್ಟು ಹೋಗಬೇಡಿ. ಕೋಲು ನೆಲವನ್ನಷ್ಟೇ ತಡವುತ್ತದೆ, ತಲೆಯ ಎತ್ತರದಲ್ಲಿರುವುದು ನೇರ ಹಣೆಗೆ ಬಡಿಯುತ್ತದೆ.

ಗಾಲಿಕುರ್ಚಿ

ಗಾಲಿಕುರ್ಚಿ ಅದರಲ್ಲಿ ಕೂತವರ ದೇಹದ ಭಾಗವೆಂದೇ ತಿಳಿಯಿರಿ. ಅದಕ್ಕೆ ಒರಗುವುದು, ಚೀಲ ನೇತುಹಾಕುವುದು, ದಾರಿಗೆ ಅಡ್ಡವೆಂದು ಹೇಳದೆ ಕೇಳದೆ ಸರಿಸುವುದು ಯಾವುದೂ ಕೂಡದು. ಎರಡು ನಿಮಿಷಕ್ಕಿಂತ ಹೆಚ್ಚು ಮಾತಿದ್ದರೆ ನೀವೂ ಕುರ್ಚಿ ಎಳೆದುಕೊಂಡು ಕೂರಿ, ಅವರು ಕತ್ತೆತ್ತಿ ನೋಡುತ್ತಲೇ ಇರುವುದು ತಪ್ಪುತ್ತದೆ. ಎತ್ತಲೇಬೇಕಾದ ಸಂದರ್ಭ ಬಂದರೆ ಎಲ್ಲಿ ಹಿಡಿಯಬೇಕೆಂದು ಅವರನ್ನೇ ಕೇಳಿ. ಅನೇಕ ಕುರ್ಚಿಗಳ ತೋಳು, ಪಾದದ ಹಲಗೆ ಕಳಚುವಂಥವು. ಅವನ್ನು ಹಿಡಿದು ಎತ್ತಿದರೆ ತೋಳು ನಿಮ್ಮ ಕೈಯಲ್ಲಿ ಉಳಿಯುತ್ತದೆ, ಮನುಷ್ಯರು ಕೆಳಗೆ ಬೀಳುತ್ತಾರೆ. ಗಟ್ಟಿಯಾದ ಚೌಕಟ್ಟನ್ನೇ ಹಿಡಿಯಬೇಕು. ಕಡಿದಾದ ಇಳಿಜಾರಿನಲ್ಲಿ ಅವರು ಒಪ್ಪಿದರೆ ಕುರ್ಚಿಯನ್ನು ಹಿಮ್ಮುಖವಾಗಿ ಇಳಿಸಿ, ಮುಂದಕ್ಕೆ ಜಾರುವ ಅಪಾಯ ಇರುವುದಿಲ್ಲ.

ಜಾಗದ ಅಳತೆಯೂ ಮರ್ಯಾದೆಯ ಭಾಗವೇ. ಇಳಿಜಾರು 1:12ಕ್ಕಿಂತ ಕಡಿದಾಗಿರಬಾರದು. ಅಂದರೆ 15 ಸೆಂ.ಮೀ. ಎತ್ತರದ ಒಂದೇ ಒಂದು ಮೆಟ್ಟಿಲಿಗೆ 180 ಸೆಂ.ಮೀ. ಉದ್ದ ಬೇಕು. ಹಲಗೆಯೊಂದನ್ನು ಒರಗಿಸಿಟ್ಟರೆ ಅದು ಇಳಿಜಾರಲ್ಲ, ಜಾರುಬಂಡೆ. ಕುರ್ಚಿ ಸಲೀಸಾಗಿ ತಿರುಗಲು ಸುಮಾರು 150 ಸೆಂ.ಮೀ. ಅಗಲದ ಖಾಲಿ ಜಾಗ ಬೇಕು. ಅಗಲವಾದ ಶೌಚಾಲಯ ಕಟ್ಟಿಸಿ ಅದರೊಳಗೆ ಪೊರಕೆ, ಮುರಿದ ಕುರ್ಚಿ ತುಂಬಿಡುವ ಅಭ್ಯಾಸವನ್ನು ಇವತ್ತೇ ನಿಲ್ಲಿಸಿ.

ಸಭೆಯಲ್ಲಿ

ಕನ್ನಡಿಯ ಮುಂದೆ ನಿಂತು ದನಿ ಹೊರಡಿಸದೆ "ಮರ", "ಬರ", "ಪರ" ಎಂದು ಹೇಳಿ ನೋಡಿ. ಮೂರಕ್ಕೂ ತುಟಿ ಒಂದೇ ರೀತಿ ಸೇರಿ ಬಿಡುತ್ತದೆ. ಇನ್ನು ಕ, ಗ ಹುಟ್ಟುವುದು ಬಾಯಿಯ ಹಿಂಭಾಗದಲ್ಲಿ, ಹೊರಗೆ ಕಾಣುವುದೇ ಇಲ್ಲ. ತುಟಿ ಓದುವ ಕಿವುಡ ಸಹೋದ್ಯೋಗಿ ಈ ತೆರಪನ್ನೆಲ್ಲ ಸಂದರ್ಭ ನೋಡಿ ಊಹೆಯಿಂದ ತುಂಬಿಕೊಳ್ಳುತ್ತಿರುತ್ತಾರೆ. ಗಂಟೆಗಟ್ಟಲೆ ಅದನ್ನು ಮಾಡುವುದು ಬಹಳ ದಣಿವಿನ ಕೆಲಸ. ಹಾಗಾಗಿ ನಿಮ್ಮ ಮುಖಕ್ಕೆ ಬೆಳಕು ಬೀಳಲಿ, ಕಿಟಕಿಗೆ ಬೆನ್ನು ಹಾಕಿ ಕೂರಬೇಡಿ. ಬೋರ್ಡಿನ ಮೇಲೆ ಬರೆಯುತ್ತಾ ಮಾತಾಡಬೇಡಿ. ಕಿರುಚುವುದೂ ಬೇಡ, ಕಿರುಚಿದರೆ ತುಟಿಯ ಆಕಾರವೇ ಕೆಡುತ್ತದೆ. ಶ್ರವಣ ಸಾಧನ ಹಾಕಿಕೊಂಡವರಿಗೆ ಮಾತಿನ ಜತೆ ಫ್ಯಾನಿನ ಸದ್ದೂ ಜೋರಾಗುತ್ತದೆ. ಒಮ್ಮೆ ಅರ್ಥವಾಗದಿದ್ದರೆ ಅದೇ ವಾಕ್ಯವನ್ನು ಮತ್ತೆ ಹೇಳುವ ಬದಲು ಬೇರೆ ಪದ ಬಳಸಿ ಹೇಳಿ. ಅಂಕಿ, ತಾರೀಖು, ಹೆಸರುಗಳನ್ನು ಬರೆದೇ ಕೊಡಿ.

ಸಂಜ್ಞಾಭಾಷೆಯ ದುಭಾಷಿ ಇದ್ದರೂ ಕಣ್ಣಿಟ್ಟು ಮಾತಾಡಬೇಕಾದದ್ದು ಸಹೋದ್ಯೋಗಿಯ ಜತೆಗೇ. "ಅವರನ್ನು ಕೇಳಿ" ಅಲ್ಲ, "ನಿಮಗೇನನಿಸುತ್ತೆ?" ದುಭಾಷಿಯನ್ನು ಮಾತಾಡುವವರ ಪಕ್ಕದಲ್ಲೇ ಕೂರಿಸಿ, ಆಗ ಇಬ್ಬರೂ ಒಟ್ಟಿಗೆ ಕಾಣುತ್ತಾರೆ. ಸಭೆ ದೀರ್ಘವಾಗಿದ್ದರೆ ಇಬ್ಬರು ದುಭಾಷಿಗಳು ಬೇಕು. 20 ನಿಮಿಷಕ್ಕೊಮ್ಮೆ ಬದಲಾಗದಿದ್ದರೆ ದಣಿದು ಮಾತು ಬಿಟ್ಟುಹೋಗುತ್ತದೆ. ಸ್ಲೈಡ್ ಹಾಕಿದ ಮೇಲೆ ಓದಲು ಬಿಡುವು ಕೊಡಿ, ಎರಡು ಕಣ್ಣಿಂದ ಸ್ಲೈಡನ್ನೂ ದುಭಾಷಿಯನ್ನೂ ಏಕಕಾಲಕ್ಕೆ ನೋಡಲಾಗದು. ಒಬ್ಬರು ಕೈ ಎತ್ತಿ ಮಾತಾಡಿ ಮುಗಿಸಿದ ಮೇಲೆಯೇ ಇನ್ನೊಬ್ಬರು ಶುರು ಮಾಡಲಿ.

ಎಲ್ಲರೂ ನಕ್ಕ ಮೇಲೆ "ಏನಾಯ್ತು?" ಎಂದು ಅವರು ಕೇಳಿದಾಗ "ಏನಿಲ್ಲ ಬಿಡಿ" ಎಂದು ಮಾತ್ರ ಹೇಳಬೇಡಿ. ಇಷ್ಟೊಂದು ನೋಯಿಸುವ ಮಾತು ಕಚೇರಿಯಲ್ಲಿ ಇನ್ನೊಂದಿಲ್ಲ.

ತೊದಲು ಇರುವವರ ವಾಕ್ಯವನ್ನು ನೀವು ಮುಗಿಸಬೇಡಿ. ಅರ್ಥವಾಗದಿದ್ದರೆ ತಲೆಯಾಡಿಸಬೇಡಿ, ತಿಳಿದಷ್ಟನ್ನು ಹೇಳಿ ಸರಿಯೇ ಎಂದು ಕೇಳಿ.

ಕಡತಗಳನ್ನು ಸಭೆಗೆ ಮೊದಲೇ ಕಳಿಸಿ. ಎನ್‌ವಿಡಿಎ, ಟಾಕ್‌ಬ್ಯಾಕ್‌ನಂಥ ಪರದೆಯ ಬರಹವನ್ನು ಓದಿ ಹೇಳುವ ಸ್ಕ್ರೀನ್ ರೀಡರ್‌ಗೆ ಸ್ಕ್ಯಾನ್ ಮಾಡಿದ ಪಿಡಿಎಫ್ ಬರೀ ಚಿತ್ರ. ಯೂನಿಕೋಡ್ (ಎಲ್ಲ ಕಂಪ್ಯೂಟರುಗಳೂ ಗುರುತಿಸುವ ಅಕ್ಷರ ಸಂಕೇತ) ಅಲ್ಲದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ ಕನ್ನಡವನ್ನಂತೂ ಅದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಓದುತ್ತದೆ. ಯೂನಿಕೋಡಿನಲ್ಲೇ ಬರೆಯಿರಿ, ಚಿತ್ರಕ್ಕೆ ಒಂದು ಸಾಲಿನ ವಿವರಣೆ ಸೇರಿಸಿ, ತಿಳಿಬೂದು ಅಕ್ಷರ ಬಿಡಿ. ಅಕ್ಷರಕ್ಕೂ ಹಿನ್ನೆಲೆಗೂ ಕಾಂಟ್ರಾಸ್ಟ್, ಅಂದರೆ ಹೊಳಪಿನ ಅನುಪಾತ, ಕನಿಷ್ಠ 4.5:1 ಇರಲಿ.

ಮಾತಿನಲ್ಲಿ

ಮಿಕ್ಕವರಿಗೆಲ್ಲ "ನೀವು", ಇವರಿಗೆ ಮಾತ್ರ "ನೀನು" ಎನ್ನುವುದು ಬೇಡ. ಜತೆಗೆ ಬಂದವರನ್ನು "ಇವರಿಗೆ ನೀರು ಬೇಕಾ?" ಎಂದು ಕೇಳಬೇಡಿ. "ಪಾಪ" ಎಂಬ ಪದವನ್ನು ಪೂರ್ತಿ ಬಿಟ್ಟುಬಿಡಿ. ಕುಂಟು ನೆಪ, ಕುರುಡು ನಂಬಿಕೆ, ಜಾಣಕಿವುಡು ಎಷ್ಟು ಸಲೀಸಾಗಿ ಬಾಯಿಗೆ ಬರುತ್ತವೆಂದರೆ ಎದುರಿಗೆ ಯಾರಿದ್ದಾರೆ ಎಂಬುದೇ ಮರೆತುಹೋಗುತ್ತದೆ. ಹುರುಳಿಲ್ಲದ ನೆಪ, ಯೋಚಿಸದೆ ನಂಬುವುದು, ಕೇಳಿಯೂ ಕೇಳದಂತಿರುವುದು ಎಂದರೆ ಅರ್ಥ ಇನ್ನೂ ಸ್ಪಷ್ಟ. ಆದರೆ ಕಣ್ಣು ಕಾಣದವರಿಗೆ "ನಾಳೆ ನೋಡೋಣ" ಎಂದುಬಿಟ್ಟೆನಲ್ಲ ಎಂದು ಪೇಚಾಡಬೇಕಿಲ್ಲ, ಅವರೂ ಹಾಗೆಯೇ ಹೇಳುತ್ತಾರೆ. ವಿಕಲಚೇತನ, ಅಂಗವಿಕಲ, ವಿಶೇಷಚೇತನ ಪದಗಳಲ್ಲಿ ಯಾವುದನ್ನು ಒಪ್ಪುತ್ತಾರೋ ಅವರನ್ನೇ ಕೇಳಿ. ಹೆಚ್ಚಿನ ಸಲ ಹೆಸರಷ್ಟೇ ಸಾಕು.

ಕಣ್ಣಿಗೆ ಕಾಣದ ವಿಕಲತೆಗಳೂ ಇವೆ: ಮೂರ್ಛೆರೋಗ, ತೀರದ ನೋವು, ಆಟಿಸಂ, ಖಿನ್ನತೆ. "ನೋಡೋಕೆ ಚೆನ್ನಾಗೇ ಇದ್ದೀರಲ್ಲ" ಎನ್ನಬೇಡಿ. ಅವರು ಹೇಳಿದ್ದನ್ನು ಅವರ ಅನುಮತಿಯಿಲ್ಲದೆ ತಂಡದಲ್ಲಿ ಹಂಚಬೇಡಿ. ಯಾರಿಗಾದರೂ ಮೂರ್ಛೆ ಬಂದರೆ ಗಡಿಯಾರ ನೋಡಿಕೊಳ್ಳಿ, ಸುತ್ತಲಿನ ಕುರ್ಚಿ ಸರಿಸಿ, ತಲೆಯ ಕೆಳಗೆ ಮೆತ್ತನೆಯದೇನಾದರೂ ಇಡಿ. ಕೈಕಾಲು ಅದುಮಿ ಹಿಡಿಯಬೇಡಿ, ಬಾಯಿಗೆ ಏನನ್ನೂ ಹಾಕಬೇಡಿ. ಅದುರುವುದು ನಿಂತ ಮೇಲೆ ಪಕ್ಕಕ್ಕೆ ಹೊರಳಿಸಿ. ಅದುರುವುದು 5 ನಿಮಿಷ ದಾಟಿದರೆ ಆಂಬುಲೆನ್ಸ್ ಕರೆಯಿರಿ.

ಬೆಂಕಿ ಬಿದ್ದಾಗ ಲಿಫ್ಟ್ ಬಳಸುವಂತಿಲ್ಲ. ಹಾಗಿದ್ದರೆ ನಾಲ್ಕನೇ ಮಹಡಿಯಲ್ಲಿರುವ ಗಾಲಿಕುರ್ಚಿಯವರು ಕೆಳಗಿಳಿಯುವುದು ಹೇಗೆ? ಗಂಟೆ ಕೇಳಿಸದವರಿಗೆ ತಿಳಿಯುವುದು ಹೇಗೆ? ಮಿನುಗುವ ದೀಪ ಎಲ್ಲಿರಬೇಕು, ಜತೆಗೆ ಇಳಿಯುವ ಇಬ್ಬರು ಯಾರು, ಅವರು ರಜೆಯಲ್ಲಿದ್ದರೆ ಬದಲಿಗೆ ಯಾರು ಎಂಬುದನ್ನು ಆ ಸಹೋದ್ಯೋಗಿಯ ಜತೆ ಕೂತೇ ಬರೆದಿಡಿ. ಮುಂದಿನ ಫೈರ್ ಡ್ರಿಲ್‌ನಲ್ಲಿ "ನೀವು ಇಲ್ಲೇ ಇರಿ" ಎಂದು ಅವರನ್ನು ಮೇಲೆಯೇ ಬಿಟ್ಟುಹೋಗದೆ, ಆ ಯೋಜನೆಯಂತೆಯೇ ಕೆಳಗೆ ಕರೆತಂದು ಎಷ್ಟು ಹೊತ್ತು ಹಿಡಿಯಿತೆಂದು ಗುರುತು ಮಾಡಿಕೊಳ್ಳಿ.